ಚಕ್ರವ್ಯೂಹದಲ್ಲಿ ರಾಗಿ

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಊರಿನ ಬೆನ್ನಿಗಿರುವ ಗುಡ್ಡಸಾಲಿನಲ್ಲಿ ಒಂದು ಸತ್ತ ಜ್ವಾಲಾಮುಖಿ ಮಗ್ಗುಲಾಗಿ ಮಲಗಿದೆ. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಅದು ಕಾರಿದ ಲಾವಾ ಆರಿ ಕಲ್ಲಾಯಿತು. ಆಮೇಲೆ ನೆಲದೊಳಗಿನ ಒತ್ತಡಕ್ಕೆ ಇಡೀ ಗುಡ್ಡವೇ ಮಡಚಿಕೊಂಡು ಪಕ್ಕಕ್ಕೆ ವಾಲಿತು. ಹಾಗಾಗಿ ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಜ್ವಾಲಾಮುಖಿಯ ಒಡಲು ಇಲ್ಲಿ ದಾರಿಹೋಕರ ಎದುರಿಗೇ ತೆರೆದುಕೊಂಡಿದೆ. ಕಪ್ಪು ಬಸಾಲ್ಟಿನ ದಪ್ಪ ಪದರ, ಅದರ ಮಗ್ಗುಲಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿದ ಪುಡಿಗಲ್ಲು, ಮತ್ತೆ ಕಪ್ಪು. ಗುಡ್ಡದ ನೆತ್ತಿಗೆ ರೌಂಡ್ ಟಾಪ್ ಎಂದು ಹೆಸರು, ಎತ್ತರ 1,763 ಅಡಿ. ಈಸ್ಟ್ ಬೇ ಪ್ರಾದೇಶಿಕ ಉದ್ಯಾನ ಮಂಡಳಿ 1936ರಲ್ಲಿ ಮೊದಲು ಜನರಿಗೆ ತೆರೆದ ಮೂರು ಉದ್ಯಾನಗಳಲ್ಲಿ ಇದೂ ಒಂದು. ಈಗ ಇದನ್ನು ಸಿಬ್ಲಿ ಜ್ವಾಲಾಮುಖಿ ರಕ್ಷಿತ ಪ್ರದೇಶ ಎನ್ನುತ್ತಾರೆ.

ಗುಡ್ಡದ ಒಂದು ಪಕ್ಕವನ್ನು ದಶಕಗಳ ಕಾಲ ಕಲ್ಲಿಗಾಗಿ ಒಡೆದರು. ಕ್ವಾರಿ ನಿಂತುಹೋದ ಮೇಲೆ ಉಳಿದದ್ದು ದೊಡ್ಡದೊಂದು ಹಳ್ಳ. ಮೂರು ಕಡೆ ಕಡಿದ ಗೋಡೆ, ಕೆಳಗೆ ಸಮತಟ್ಟಾದ ಜೇಡಿಮಣ್ಣಿನ ನೆಲ. 1989ರಲ್ಲಿ ಹೆಲೆನಾ ಮಜ್ಜರಿಯೆಲ್ಲೊ ಎಂಬ ಶಿಲ್ಪಿ ಆ ನೆಲದ ಮೇಲೆ, ಅಲ್ಲೇ ಬಿದ್ದಿದ್ದ ಕಲ್ಲುಗಳನ್ನು ಸಾಲಾಗಿ ಜೋಡಿಸಿ ಏಳು ಸುತ್ತಿನ ಒಂದು ಲ್ಯಾಬಿರಿಂತ್ ಮಾಡಿದರು. ಬೇಲಿ ಇಲ್ಲ, ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತಿಗೆ ಸೀಟಿ ಊದುವ ಕಾವಲುಗಾರನೂ ಇಲ್ಲ. ಹಳ್ಳದ ಅಂಚಿನಲ್ಲಿ ನಿಂತು ಕೆಳಗೆ ನೋಡಿದರೆ ಇಡೀ ಆಕೃತಿ ಒಂದೇ ನೋಟಕ್ಕೆ ಸಿಗುತ್ತದೆ. ಬೂದು ಮಣ್ಣಿನ ಮೇಲೆ ಕಲ್ಲಿನ ಸುತ್ತುಗಳು, ನಡುವೆ ಏನೋ ಬಣ್ಣಬಣ್ಣದ ರಾಶಿ. ಗುಡ್ಡದ ಬೇರೆ ಮೂಲೆಗಳಲ್ಲೂ ಯಾರೋ ಜೋಡಿಸಿಟ್ಟ ಸಣ್ಣ ಸುತ್ತುಗಳಿವೆ. ಆದರೆ ಜನ ಹುಡುಕಿಕೊಂಡು ಬರುವುದು ಇದನ್ನೇ.

ರಾಗಿ ಮಾತ್ರ ಏನನ್ನೂ ಹುಡುಕಿಕೊಂಡು ಬಂದವಳಲ್ಲ. ಅವಳು ನನ್ನ ಅಕ್ಕನ ಮಗಳು ಸಾಕಿದ ನಾಯಿ. ನಾಲ್ಕು ವರ್ಷದ ಬೆರಕೆ ತಳಿ, ಹೆಸರಿನದೇ ಬಣ್ಣ, ಎದೆಯ ಮೇಲೆ ಮಾತ್ರ ಬಿಳಿ ಪಟ್ಟೆ. ಒಂದು ಕಿವಿ ನೆಟ್ಟಗೆ, ಇನ್ನೊಂದು ಅರ್ಧಕ್ಕೆ ಮಡಚಿದ್ದು. ಬೀದಿನಾಯಿಗಳ ಆಶ್ರಯಧಾಮದಿಂದ ಮರಿಯಿದ್ದಾಗಲೇ ತಂದದ್ದು. ಮನೆಯಲ್ಲಿ ಅವಳ ಜೊತೆ ಕನ್ನಡವೇ. "ಬಾರೇ", "ಕೂತ್ಕೋ", "ಬಿಡು ಅದನ್ನ" ಇಷ್ಟಕ್ಕೂ ಸರಿಯಾಗಿ ಕಿವಿ ಕೊಡುತ್ತಾಳೆ. ಪಕ್ಕದ ಮನೆಯವರು ಇಂಗ್ಲಿಷಿನಲ್ಲಿ ಕೂರಲು ಹೇಳಿದರೆ ಸುಮ್ಮನೆ ಮುಖ ನೋಡುತ್ತಾಳೆ.

ಏಪ್ರಿಲ್ ತಿಂಗಳು, ಹಿಂದಿನ ದಿನ ಮಳೆ ಬಂದು ಹೋಗಿತ್ತು. ಇಲ್ಲಿನ ಗುಡ್ಡಗಳು ವರ್ಷದ ಬಹುಪಾಲು ಒಣಹುಲ್ಲಿನ ಬಣ್ಣದಲ್ಲೇ ಇರುತ್ತವೆ. ಈ ಒಂದೆರಡು ತಿಂಗಳು ಮಾತ್ರ ನಮ್ಮ ಸಾಗರ, ಸೊರಬದ ಶ್ರಾವಣದ ಗದ್ದೆಗಳ ಹಸಿರು ಇಲ್ಲಿಗೂ ಬಂದಿರುತ್ತದೆ. ಸ್ಕೈಲೈನ್ ರಸ್ತೆಯ ಬದಿಯ ನಿಲುಗಡೆಯಲ್ಲಿ ಕಾರು ನಿಂತಿತು. ಅಲ್ಲಿ ನಾಯಿಗೆ ಹಗ್ಗ ಕಡ್ಡಾಯ. ಒಳಗಿನ ತೆರೆದ ಗುಡ್ಡದಲ್ಲಿ ಕರೆದರೆ ಬರುವ ನಾಯಿಯಾದರೆ ಹಗ್ಗ ಬಿಚ್ಚಬಹುದು, ಆದರೆ ಹಗ್ಗ ಕೈಯಲ್ಲಿರಲೇಬೇಕು. ನನ್ನ ಪ್ರಕಾರ ಇದು ಒಳ್ಳೆಯ ಕಾನೂನು. ನಾಯಿಯನ್ನೂ ನಂಬುತ್ತದೆ, ಮನುಷ್ಯನನ್ನೂ ನಂಬುತ್ತದೆ, ಇಬ್ಬರ ಮೇಲೂ ಹೊಣೆ ಹೊರಿಸುತ್ತದೆ.

"ಇಲ್ಲಿಂದ ಬಿಡ್ತೀನಿ ಚಿಕ್ಕಮ್ಮ."

"ಕರೆದ್ರೆ ಬರ್ತಾಳಾ?"

"ಬರ್ತಾಳೆ. ಜೇಬಲ್ಲಿ ಚೀಸ್ ಇರೋದು ಅವಳಿಗೆ ಗೊತ್ತು."

ಹಗ್ಗದ ಕೊಂಡಿ ಕಳಚಿದ ಸದ್ದಿಗೇ ರಾಗಿಯ ಮೈ ಬದಲಾಯಿತು. ಮೊದಲು ಒಮ್ಮೆ ಮೂಗಿನಿಂದ ಬಾಲದ ತುದಿಯವರೆಗೆ ಮೈ ಕೊಡವಿದಳು. ಆಮೇಲೆ ಮೂಗು ನೆಲಕ್ಕೆ. ನಾಯಿ ಮೂಸುವುದನ್ನು ಹತ್ತಿರದಿಂದ ನೋಡಬೇಕು. ಮೂಗಿನ ಹೊಳ್ಳೆಯ ಪಕ್ಕದಲ್ಲಿ ಸಣ್ಣ ಸೀಳು ಇರುತ್ತದೆ. ಬಿಟ್ಟ ಉಸಿರು ಆ ಸೀಳಿನಿಂದ ಪಕ್ಕಕ್ಕೆ ಹೋಗುವುದರಿಂದ, ಮುಂದಿರುವ ವಾಸನೆ ಚೆದುರದೆ ಹಾಗೇ ಉಳಿಯುತ್ತದೆ. ಒದ್ದೆ ಮಣ್ಣಿನ ಮೇಲೆ ಅವಳ ಮೂಗಿನ ಎರಡೂ ಬದಿಗೆ ಹುಲ್ಲಿನ ಎಳೆಗಳು ಸಣ್ಣಗೆ ಅಲುಗುತ್ತಿದ್ದವು. ಈ ಗುಡ್ಡದಲ್ಲಿ ದನಗಳನ್ನು ಮೇಯಲು ಬಿಡುತ್ತಾರೆ. ರಾತ್ರಿ ತೋಳದ ಬಳಗದ ಕಯೋಟಿಗಳು ಓಡಾಡುತ್ತವೆ. ಬೇ ಲಾರೆಲ್ ಮರಗಳ ಎಲೆ ಕಾಲಡಿಯಲ್ಲಿ ನಜ್ಜಾದರೆ ಪಲಾವ್ ಎಲೆಯನ್ನು ನೆನಪಿಸುವ ವಾಸನೆ, ಆದರೆ ಅದಕ್ಕಿಂತ ಖಾರ. ಮನುಷ್ಯನ ಮೂಗಿಗೇ ಇಷ್ಟು ಸಿಕ್ಕಿದ ಮೇಲೆ ರಾಗಿಗೆ ಸಿಕ್ಕಿದ್ದು ಎಷ್ಟೋ.

ಹಳ್ಳಕ್ಕೆ ಇಳಿಯುವ ಹಾದಿ ಜಾರುತ್ತಿತ್ತು. ನಾವು ಕಲ್ಲು ಹಿಡಿದು ಇಳಿಯುವಷ್ಟರಲ್ಲಿ ಅವಳು ಕೆಳಗೆ ಹೋಗಿ, ಮತ್ತೆ ಮೇಲೆ ಬಂದು, ನಾವಿದ್ದೇವೆಂದು ಖಾತ್ರಿ ಮಾಡಿಕೊಂಡು, ಮತ್ತೆ ಕೆಳಗೆ ಹೋಗಿದ್ದಳು.

ಲ್ಯಾಬಿರಿಂತ್ ಎಂದ ಕೂಡಲೇ ಹಲವರು ದಾರಿ ತಪ್ಪಿಸುವ ಜಾಲವನ್ನು ನೆನೆಯುತ್ತಾರೆ, ಎಡಕ್ಕೋ ಬಲಕ್ಕೋ ತಿಳಿಯದೆ ಗೋಡೆಗೆ ಹೋಗಿ ನಿಲ್ಲುವ ಜಾಗವನ್ನು. ಇದು ಆ ಬಗೆಯದಲ್ಲ. ಇಲ್ಲಿ ಇರುವುದು ಒಂದೇ ಹಾದಿ. ಎಲ್ಲೂ ಕವಲಿಲ್ಲ. ಬಾಯಿಂದ ಹೊಕ್ಕರೆ ಸುತ್ತಿ ಸುತ್ತಿ ನಡುವಿಗೆ ಹೋಗಿಯೇ ತೀರುತ್ತೇವೆ, ಅದೇ ಹಾದಿ ಹಿಡಿದು ಹೊರಗೆ ಬರುತ್ತೇವೆ. ಕಲ್ಲಿನ ಸಾಲುಗಳು ಮೊಣಕಾಲಿಗೂ ಬರುವುದಿಲ್ಲ, ಹೆಚ್ಚಿನವು ಹಿಮ್ಮಡಿಯ ಎತ್ತರ. ದಾಟಬೇಕೆಂದರೆ ಒಂದು ಹೆಜ್ಜೆ ಸಾಕು. ಆದರೂ ಬಂದವರು ದಾಟುವುದಿಲ್ಲ. ಕುಂಟೆಬಿಲ್ಲೆ ಆಡುವ ಹುಡುಗಿಗೆ ಸೀಮೆಸುಣ್ಣದ ಗೆರೆ ಗೋಡೆಯಾಗುವ ಹಾಗೆ, ಇಲ್ಲಿ ನಡೆಯುವವರಿಗೆ ಈ ಕಲ್ಲಿನ ಸಾಲು ಗೋಡೆಯಾಗುತ್ತದೆ. ಒಪ್ಪಿಕೊಂಡದ್ದರಿಂದಷ್ಟೇ ಅದು ಗೋಡೆ.

ರಾಗಿ ಒಪ್ಪಿಕೊಂಡಿರಲಿಲ್ಲ. ಬಾಯಿಯ ಬಳಿ ಒಂದು ಕ್ಷಣ ನಿಂತು, ಮೊದಲ ಕಲ್ಲನ್ನು ಮೂಸಿ, ಅದರ ಮೇಲಿಂದಲೇ ಹಾರಿದಳು. ಮುಂದಿನ ಸಾಲನ್ನೂ ಹಾರಿದಳು. ಆಮೇಲೆ ಹಾರುವುದರಲ್ಲೇ ಅವಳಿಗೆ ಖುಷಿ ಹತ್ತಿತು. ಕಲ್ಲು, ಹಾದಿ, ಕಲ್ಲು, ಹಾದಿ, ಒಂದೇ ಅಳತೆಯ ಅಂತರ. ಆ ಅಂತರವೇ ಅವಳ ಕಾಲಿಗೊಂದು ತಾಳ ಕೊಟ್ಟಿತು. ನೇರ ಗೆರೆ ಎಳೆದ ಹಾಗೆ ಅಡ್ಡಲಾಗಿ ಓಡಿ ನಡುವಿಗೆ ಮುಟ್ಟಿ, ಅಲ್ಲಿ ನಿಲ್ಲದೆ ಆಚೆ ಬದಿಗೆ ಹೊರಬಿದ್ದು, ಹಿಂಗಾಲು ಜಾರಿ ಮಣ್ಣು ಚಿಮ್ಮಿಸಿ ತಿರುಗಿದಳು.

ಆ ಹೊತ್ತಿಗೆ ಒಳಗೆ ಒಬ್ಬರು ನಡೆಯುತ್ತಿದ್ದರು. ಎಪ್ಪತ್ತರ ಆಸುಪಾಸಿನವರು. ಹುಲ್ಲಿನ ಟೋಪಿ, ಬೆನ್ನ ಹಿಂದೆ ಕಟ್ಟಿದ ಕೈ, ಒಂದೊಂದೇ ಹೆಜ್ಜೆ. ನನ್ನ ಅಕ್ಕನ ಮಗಳು ಗಾಬರಿಯಿಂದ "ರಾಗೀ, ನಿಲ್ಲೇ!" ಎಂದು ಕೂಗಿದಳು. ಅವರು ತಲೆ ಎತ್ತಿ, ಇರಲಿ ಬಿಡಿ ಎನ್ನುವಂತೆ ಕೈಯಾಡಿಸಿ, ಮತ್ತೆ ನಡಿಗೆಗೆ ಬಿದ್ದರು.

ಏಳು ಸುತ್ತಿನ ಈ ಹಳೆಯ ವಿನ್ಯಾಸದಲ್ಲಿ ಹಾದಿ ಸಾಗುವ ಕ್ರಮ ಗೊತ್ತಾದರೆ ಆಮೇಲೆ ನಡೆದದ್ದರ ಸೊಗಸು ತಿಳಿಯುತ್ತದೆ. ಬಾಯಿಂದ ಹೊಕ್ಕವರು ಮೊದಲು ಸೇರುವುದು ಹೊರಗಿನಿಂದ ಮೂರನೆಯ ಸುತ್ತಿಗೆ. ಅದು ಮುಗಿದರೆ ಎರಡನೆಯದಕ್ಕೆ, ಆಮೇಲೆ ಒಂದನೆಯದಕ್ಕೆ. ಒಳಗೆ ಹೋಗಲು ಹೊರಟವರು ಹೊರಗಿನ ಅಂಚಿಗೇ ಬಂದಿರುತ್ತಾರೆ. ಅಲ್ಲಿಂದ ನಾಲ್ಕಕ್ಕೆ, ನಾಲ್ಕರಿಂದ ಒಮ್ಮೆಗೇ ಏಳಕ್ಕೆ. ಏಳನೆಯದು ನಡುವಿನ ಮಗ್ಗುಲಿಗೇ ಇರುವ ಸುತ್ತು. ಕೈ ಚಾಚಿದರೆ ನಡುವಿನ ಕಲ್ಲು ಸಿಗುತ್ತದೆ. ಆದರೆ ಹಾದಿ ಅಲ್ಲಿಂದ ಆರಕ್ಕೆ, ಐದಕ್ಕೆ ಎಂದು ಮತ್ತೆ ದೂರ ಒಯ್ದು, ಐದರಿಂದ ಕೊನೆಗೆ ನಡುವಿಗೆ ಬಿಡುತ್ತದೆ. ಹತ್ತಿರ, ದೂರ, ತೀರಾ ಹತ್ತಿರ, ಮತ್ತೆ ದೂರ, ಕೊನೆಗೆ ಒಳಗೆ.

ಆ ಹಿರಿಯರು ನಾಲ್ಕನೆಯ ಸುತ್ತು ಮುಗಿಸಿ ಏಳಕ್ಕೆ ತಿರುಗಿದಾಗ ರಾಗಿ ನಡುವಿನಲ್ಲಿ ಕೂತಿದ್ದಳು. ತನ್ನತ್ತ ಬರುತ್ತಿರುವ ಮನುಷ್ಯನನ್ನು ಕಂಡು ಅವಳ ಬಾಲ ಮಣ್ಣು ಗುಡಿಸತೊಡಗಿತು. ಅವರು ಬಂದರು, ಒಂದೇ ಕಲ್ಲುಸಾಲಿನ ಆಚೆಗೆ ಬಂದರು. ರಾಗಿ ಕತ್ತು ಚಾಚಿದಳು, ಮುಟ್ಟಿಸಿಕೊಳ್ಳಲು ಸಿದ್ಧಳಾದಳು. ಅವರು ಅವಳನ್ನು ಬಳಸಿಕೊಂಡು ಪೂರ್ತಿ ಸುತ್ತು ಹಾಕಿದರು. ರಾಗಿ ಕೂತಲ್ಲೇ ಸುತ್ತಿದಳು, ಮುಖ ಅವರ ಕಡೆಗೇ. ಆಮೇಲೆ ಅವರು ತಿರುವಿನಲ್ಲಿ ತಿರುಗಿ ಆರನೆಯ ಸುತ್ತಿಗೆ, ಅಂದರೆ ಅವಳಿಂದ ದೂರಕ್ಕೆ ಹೊರಟರು. ರಾಗಿಯ ತಲೆ ಒಂದು ಬದಿಗೆ ವಾಲಿತು. ಮಡಚಿದ ಕಿವಿಯೂ ಎದ್ದು ನಿಂತಿತು. ಐದನೆಯ ಸುತ್ತಿಗೆ ಹೋದಾಗ ಇನ್ನೂ ದೂರ. ಅಷ್ಟರಲ್ಲಿ ಅವಳಿಗೆ ಅರ್ಥವಾಯಿತು. ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಎದೆಯನ್ನು ನೆಲಕ್ಕಿಟ್ಟು, ಹಿಂಭಾಗವನ್ನು ಮೇಲೆತ್ತಿ, ಬಾಲವನ್ನು ಜೋರಾಗಿ ಬೀಸುತ್ತ ಒಮ್ಮೆ ಬೊಗಳಿದಳು.

ನಾಯಿ ಸಾಕಿದವರೆಲ್ಲರಿಗೂ ಗೊತ್ತಿರುವ ಭಂಗಿ ಅದು. ಕೊಲೊರಾಡೊ ವಿಶ್ವವಿದ್ಯಾಲಯದ ಮಾರ್ಕ್ ಬೆಕಾಫ್ ನಾಯಿ, ತೋಳ, ಕಯೋಟಿಗಳ ಮರಿಗಳು ಆಡುವುದನ್ನು ವರ್ಷಗಟ್ಟಲೆ ಗಮನಿಸಿ 1995ರಲ್ಲಿ ಈ ಬಾಗುವಿಕೆಯ ಬಗ್ಗೆ ಬರೆದರು. ಕಚ್ಚಿ ಅಲುಗಾಡಿಸುವಂಥ, ತಪ್ಪು ತಿಳಿಯಬಹುದಾದ ಚೇಷ್ಟೆಯ ಹಿಂದುಮುಂದೆ ಮರಿಗಳು ಹೀಗೆ ಬಾಗುತ್ತವೆ. ಇದು ಜಗಳವಲ್ಲ, ಆಟ ಎಂದು ಎದುರಿನವರಿಗೆ ತಿಳಿಸುವ ಬಗೆ ಅದು ಎಂಬುದು ಅವರು ಕಂಡುಕೊಂಡದ್ದು. ರಾಗಿ ಆ ಹಿರಿಯರಿಗೆ ಅದನ್ನೇ ತಿಳಿಸುತ್ತಿದ್ದಳು. ಹತ್ತಿರ ಬಂದು ಮುಟ್ಟದೆ ಹೋಗುವುದು, ದೂರ ಹೋಗಿ ಮತ್ತೆ ಹತ್ತಿರ ಬರುವುದು ನಾಯಿಗಳ ಅಟ್ಟಿಸುವ ಆಟದ ನಿಯಮ. ಮನುಷ್ಯರು ಮೂರು ಸಾವಿರ ವರ್ಷಗಳಿಂದ ನೆಲದ ಮೇಲೆ ಬರೆಯುತ್ತ ಬಂದ ಈ ಹಾದಿಗೂ ಅದೇ ನಿಯಮ. ಲ್ಯಾಬಿರಿಂತ್ ಎಂದರೇನು ಎಂದು ಎಷ್ಟೋ ಪುಸ್ತಕಗಳು ವಿವರಿಸಿವೆ. ಅದರೊಳಗೆ ಆಟ ಇದೆ ಎಂಬುದನ್ನು ನನಗೆ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಆ ಬಾಗಿದ ಮೈ.

ಅವರು ಕೊನೆಗೂ ನಡುವಿಗೆ ಬಂದಾಗ ರಾಗಿ ತಡೆಯಲಾರದೆ ಮುಂಗಾಲೆತ್ತಿ ಅವರ ತೊಡೆಗಿಟ್ಟಳು. ಬಿಳಿಯ ಪ್ಯಾಂಟಿನ ಮೇಲೆ ಬೂದುಮಣ್ಣಿನ ಎರಡು ಪಂಜ. ಅವರು ಬಗ್ಗಿ ಅವಳ ಕಿವಿಯ ಹಿಂದೆ ಕೆರೆದು, "ನನಗಿಂತ ಮೊದಲೇ ಮುಟ್ಟಿಬಿಟ್ಟೆಯಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ನಡುವಿನ ಆ ಬಣ್ಣದ ರಾಶಿಯನ್ನು ಅಲ್ಲಿಗೆ ಹೋಗಿ ನೋಡಿದೆ. ಬಂದವರು ಬಿಟ್ಟು ಹೋದ ಸಾಮಾನು. ನಾಣ್ಯ, ಕಪ್ಪೆಚಿಪ್ಪು, ಮಣಿಸರ, ಸುಟ್ಟ ಮೇಣದಬತ್ತಿಯ ಗುಪ್ಪೆ, ಮಳೆಗೆ ಶಾಯಿ ಕದಡಿದ ಚೀಟಿ, ಯಾರದೋ ಮಗುವಿನ ಸಣ್ಣ ಷೂ. ಅವುಗಳ ನಡುವೆ ಒಂದು ನಾಯಿಯ ಕೊರಳಪಟ್ಟಿಯೂ ಇತ್ತು, ಹಳೆಯದು, ಅಂಚು ಸವೆದದ್ದು. ರಾಗಿ ಉಳಿದದ್ದನ್ನೆಲ್ಲ ಒಂದೊಂದು ಸಲ ಮೂಸಿ ಬಿಟ್ಟಳು, ಕೊರಳಪಟ್ಟಿಯ ಹತ್ತಿರ ಮಾತ್ರ ಬಹಳ ಹೊತ್ತು ನಿಂತಳು. "ಬಿಡು ಅದನ್ನ" ಎಂದು ಹೇಳಬೇಕಾಗಲೇ ಇಲ್ಲ. ಅವಳು ಬಾಯಿ ಹಾಕಲಿಲ್ಲ.

ಹಿರಿಯರು ಹೊರಬಂದ ಮೇಲೆ ನನ್ನ ಅಕ್ಕನ ಮಗಳು ಚೀಲದಲ್ಲಿದ್ದ ಟೆನಿಸ್ ಚೆಂಡನ್ನು ತೆಗೆದು ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಇಲ್ಲಿ ಚೆಂಡು ಎಸೆದ್ರೆ ತಪ್ಪಾಗುತ್ತಾ ಚಿಕ್ಕಮ್ಮ? ಧ್ಯಾನ ಮಾಡೋ ಜಾಗ ಅಂತಾರೆ."

ಅವಳ ಸಂಕೋಚಕ್ಕೆ ಕಾರಣವಿದೆ. ಕೊಲ್ಲಿಯ ಆಚೆ ದಡದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗ್ರೇಸ್ ಕ್ಯಾಥೆಡ್ರಲ್ ಇದೆ. ಅಲ್ಲಿನ ಪಾದ್ರಿ ಲಾರೆನ್ ಆರ್ಟ್ರೆಸ್ 1990ರ ದಶಕದಲ್ಲಿ ಫ್ರಾನ್ಸಿನ ಶಾರ್ಟ್ರ್ ಚರ್ಚಿನ ಹನ್ನೊಂದು ಸುತ್ತಿನ ಲ್ಯಾಬಿರಿಂತಿನ ಮಾದರಿಯನ್ನು ತಂದು, ಮೌನವಾಗಿ ನಡೆಯುವ ಪದ್ಧತಿಗೆ ಮರುಜೀವ ಕೊಟ್ಟರು. 1995ರಲ್ಲಿ ಚರ್ಚಿನ ಹೊರಗೂ ಯಾವ ಮತದವರು ಬೇಕಾದರೂ ನಡೆಯಬಹುದಾದ ಒಂದನ್ನು ಮಾಡಿಸಿದರು. ಇಂದು ಅಮೆರಿಕದ ಆಸ್ಪತ್ರೆ, ಉದ್ಯಾನ, ಚರ್ಚುಗಳ ಅಂಗಳದಲ್ಲಿ ಕಾಣುವ ಎಷ್ಟೋ ಸುತ್ತುದಾರಿಗಳ ಹಿಂದೆ ಆ ಕೆಲಸವಿದೆ. ದುಃಖದಲ್ಲಿರುವವರಿಗೆ, ಕಾಯಿಲೆಯವರಿಗೆ ಅದರಿಂದ ಸಿಗುವ ಸಮಾಧಾನವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಬಗ್ಗೆ ನನಗೆ ಗೌರವವಿದೆ.

ಆದರೆ ಮೌನ ಮಾತ್ರ ಇದರ ಸ್ವಭಾವ ಎಂದರೆ ನಾನು ಒಪ್ಪಲಾರೆ. ಫ್ರಾನ್ಸಿನದೇ ಓಸೇರ್ ಪಟ್ಟಣದ ಕ್ಯಾಥೆಡ್ರಲಿನಲ್ಲಿ ಈಸ್ಟರ್ ಹಬ್ಬದಂದು ಪಾದ್ರಿಗಳು ನೆಲದ ಲ್ಯಾಬಿರಿಂತಿನ ಮೇಲೆ ಕೈಕೈ ಹಿಡಿದು ಕುಣಿಯುತ್ತ, ಹಾಡುತ್ತ, ಒಬ್ಬರಿಂದ ಒಬ್ಬರಿಗೆ ಚೆಂಡು ಎಸೆಯುತ್ತಿದ್ದರು. ಹೊಸದಾಗಿ ಸೇರಿದ ಪಾದ್ರಿ ಚೆಂಡು ತಂದುಕೊಡಬೇಕೆಂಬ ವಾಡಿಕೆಗೆ 1396ರ ದಾಖಲೆಯಿದೆ. 1538ರಲ್ಲಿ ಅದನ್ನು ನಿಲ್ಲಿಸಿದರು. ಸ್ವೀಡನ್, ಫಿನ್ಲೆಂಡಿನ ಕಡಲತೀರದಲ್ಲಿ ಕಲ್ಲು ಜೋಡಿಸಿ ಮಾಡಿದ ಇಂಥವು ನೂರಾರಿವೆ. ಅಲ್ಲಿನ ಹುಡುಗರು ನಡುವೆ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಯಾರು ಮೊದಲು ಮುಟ್ಟುತ್ತಾರೆಂದು ಹಾದಿಗುಂಟ ಓಡುತ್ತಿದ್ದರಂತೆ. ಮೀನುಗಾರರದು ಇನ್ನೊಂದು ನಂಬಿಕೆ. ದೋಣಿ ಹತ್ತುವ ಮುಂಚೆ ಸುತ್ತುಗಳಲ್ಲಿ ನಡೆದು ನಡುವಿಗೆ ಹೋಗುವುದು, ಬೆನ್ನು ಹತ್ತಿದ ಪೀಡೆಗಳು ಒಳಗೆ ಬಂದು ಸುತ್ತಿನಲ್ಲಿ ಸಿಕ್ಕಿಕೊಂಡ ಮೇಲೆ ಕಲ್ಲುಗಳ ಮೇಲಿಂದ ಹಾರಿ ಸೀದಾ ದೋಣಿಗೆ ಓಡುವುದು. ರಾಗಿ ಅಡ್ಡಡ್ಡ ಹಾರಿದ ಹಾಗೆ ಹಾರಿದವರು ಅವಳಿಗಿಂತ ಮುಂಚೆಯೂ ಇದ್ದರು.

ಪ್ರಾಣಿಗಳ ಮಾತಿಗೆ ಬಂದರೆ ಇನ್ನೂ ಹಿಂದಕ್ಕೆ ಹೋಗಬಹುದು. ಗ್ರೀಸಿನ ಪೈಲೋಸ್ ಅರಮನೆ ಕ್ರಿ.ಪೂ. 1200ರ ಸುಮಾರಿಗೆ ಬೆಂಕಿಗೆ ಆಹುತಿಯಾದಾಗ ಅಲ್ಲಿದ್ದ ಹಸಿಮಣ್ಣಿನ ಫಲಕಗಳು ಸುಟ್ಟು ಗಟ್ಟಿಯಾಗಿ ಉಳಿದುಕೊಂಡವು. ಅಂಥ ಒಂದು ಫಲಕದ ಹಿಂಬದಿಯಲ್ಲಿ ಲೆಕ್ಕ ಬರೆಯುವವನೊಬ್ಬ ಏಳು ಸುತ್ತಿನ ಇದೇ ಆಕೃತಿಯನ್ನು ಚೌಕಾಕಾರದಲ್ಲಿ ಗೀಚಿದ್ದಾನೆ. ಖಚಿತ ಕಾಲ ತಿಳಿದಿರುವ ಲ್ಯಾಬಿರಿಂತುಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಇದು ಸೇರುತ್ತದೆ. ಮುಂಬದಿಯಲ್ಲಿ ಇರುವುದು ಆಡುಗಳ ಲೆಕ್ಕ, ಯಾರು ಆಡು ತಂದರೆಂದು. ಇಟಲಿಯ ಟ್ರಾಲ್ಯಾಟೆಲ್ಲಾದಲ್ಲಿ ಸಿಕ್ಕ ಕ್ರಿ.ಪೂ. ಏಳನೆಯ ಶತಮಾನದ ಹೂಜಿಯ ಮೇಲೆ ಲ್ಯಾಬಿರಿಂತಿನಿಂದ ಹೊರಬರುತ್ತಿರುವ ಕುದುರೆ ಸವಾರರಿದ್ದಾರೆ. ಕ್ರೀಟಿನ ಕಥೆಯಲ್ಲಂತೂ ಒಳಗಿರುವವನ ತಲೆಯೇ ಗೂಳಿಯದು. ನಮ್ಮ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಯಲ್ಲಿ ಶಿಲ್ಪಿ ದ್ರೋಣರ ಚಕ್ರವ್ಯೂಹವನ್ನು ಹೀಗೆಯೇ ಸುತ್ತುಸುತ್ತಾಗಿ ಕಡೆದಿದ್ದಾನೆ. ಹನ್ನೆರಡನೆಯ ಶತಮಾನದ ಆ ಕಲ್ಲಿನಲ್ಲಿ ಅಭಿಮನ್ಯು ಒಳಗೆ ನುಗ್ಗುತ್ತಿದ್ದಾನೆ. ನಮ್ಮ ಕಡೆಯವರಿಗೆ ಈ ಆಕೃತಿ ಕಂಡರೆ ಮೊದಲು ನೆನಪಾಗುವುದು ಹೊರಗೆ ಬರಲು ತಿಳಿಯದ ಆ ಹುಡುಗನೇ. ನನ್ನ ಎದೆ ಸ್ವಲ್ಪ ಭಾರವಾಗುವುದೂ ಅದಕ್ಕೇ. ಒಳಗೂ ಹೊರಗೂ ಸಲೀಸಾಗಿ ಹಾರಾಡುವ ನಾಯಿಯೊಂದನ್ನು ಅದರೊಳಗೆ ಕಂಡದ್ದರಿಂದ ಆ ಭಾರ ಎಷ್ಟೋ ಇಳಿಯಿತು.

ಇಷ್ಟನ್ನೂ ನಾನು ಅಕ್ಕನ ಮಗಳಿಗೆ ಹೇಳಿ ಮುಗಿಸಿರಲಿಲ್ಲ. ಕಲ್ಲಿನ ಮೇಲೆ ಕೂತು ಷೂ ಮಣ್ಣು ಕೆರೆಯುತ್ತಿದ್ದ ಹಿರಿಯರೇ ಚೆಂಡಿನ ಕಡೆ ಬೆರಳು ತೋರಿಸಿ, "ನನ್ನದು ಮುಗಿಯಿತು, ಇನ್ನು ಅವಳ ಸರದಿ" ಎಂದರು.

ಚೆಂಡು ಹೋಯಿತು. ಬಿದ್ದಲ್ಲಿ ಪುಟಿದು ಕಲ್ಲಿಗೆ ತಾಗಿ ದಿಕ್ಕು ಬದಲಿಸಿ ಇನ್ನೊಂದು ಸುತ್ತಿನ ಹಾದಿಗೆ ಬಿತ್ತು. ಅಲ್ಲಿಂದ ನಡೆದದ್ದು ನೋಡುವಂತಿತ್ತು. ಹಾದಿಯ ಮಣ್ಣು ನೂರಾರು ಜನರ ಕಾಲಿಗೆ ಸವೆದು ನಡುವೆ ತಗ್ಗಾಗಿದೆ. ಚೆಂಡು ಆ ತಗ್ಗು ಹಿಡಿದು ಉರುಳಿತು, ಸುತ್ತಿನ ಬಾಗಿಗೆ ತಾನೂ ಬಾಗುತ್ತ. ಅದರ ಹಿಂದೆ ರಾಗಿ. ಹಾರಲು ಹೊರಟವಳು ಹಾರಲಿಲ್ಲ, ಚೆಂಡು ಹೋದ ಹಾದಿಯಲ್ಲೇ ಓಡಿದಳು. ಮೊದಲ ಸಲ ಅವಳ ಕಾಲುಗಳು ಕಲ್ಲಿನ ಸಾಲುಗಳ ನಡುವೆಯೇ ಉಳಿದವು. ಚೆಂಡು ಕಚ್ಚಿದ ಮೇಲೂ ವೇಗ ನಿಲ್ಲದೆ ಅದೇ ಸುತ್ತಿನಲ್ಲಿ ಮುಂದಕ್ಕೆ ಹೋಗಿ, ತಿರುವಿಗೆ ಬಂದು, ಮೈ ಒಳಕ್ಕೆ ವಾಲಿಸಿ ತಿರುಗಿ, ಪಕ್ಕದ ಸುತ್ತಿಗೆ ಬಿದ್ದು, ಮತ್ತೆ ಓಡಿದಳು. ಕಿವಿ ಹಿಂದಕ್ಕೆ, ಬಾಲ ಕೆಳಕ್ಕೆ, ಹಿಂಗಾಲು ಮುಂಗಾಲನ್ನು ದಾಟುವಷ್ಟು ಮಡಚಿದ ಬೆನ್ನು. ಸಾಕುನಾಯಿಗಳಿಗೆ ಆಗಾಗ ಬರುವ ಆ ಹುಚ್ಚು ಓಟ. ಎಷ್ಟು ಸುತ್ತು ಹೋದಳೋ. ಮಣ್ಣು ಅವಳ ಹಿಂದೆ ಸಣ್ಣಗೆ ಚಿಮ್ಮುತ್ತಿತ್ತು. ಕಡಿದ ಗೋಡೆಯ ನೆತ್ತಿಯಲ್ಲಿ ನಿಂತಿದ್ದ ಇಬ್ಬರು ಮಕ್ಕಳು ಕೆಳಗೆ ನೋಡುತ್ತ ಚಪ್ಪಾಳೆ ಹೊಡೆದರು. ಮೇಲೆ ಗಾಳಿಗೆ ತೇಲುತ್ತಿದ್ದ ಟರ್ಕಿ ರಣಹದ್ದೊಂದು ಯಾವುದಕ್ಕೂ ತಲೆ ಕೆಡಿಸಿಕೊಳ್ಳದೆ ತನ್ನ ಸುತ್ತು ತಾನು ಹಾಕುತ್ತಿತ್ತು.

ಓಟ ನಿಂತದ್ದು ಒಂದು ಓತಿಕೇತದಿಂದ. ಬಿಸಿಲಿಗೆ ಮೈ ಕಾಯಿಸಲು ಕಲ್ಲಿನ ಮೇಲೆ ಬಂದಿದ್ದ ಅದು, ಬೇಲಿ ಓತಿ ಎಂದು ಇಲ್ಲಿನವರು ಕರೆಯುವ ಜಾತಿ, ಹೊಟ್ಟೆಯ ಪಕ್ಕದಲ್ಲಿ ನೀಲಿ ಬಣ್ಣ. ಮುಂಗಾಲಿನ ಮೇಲೆ ಮೈ ಎತ್ತಿ ಇಳಿಸಿ ದಂಡ ಹೊಡೆಯುತ್ತಿತ್ತು. ರಾಗಿ ಚೆಂಡು ಕೆಳಗೆ ಹಾಕಿ ಮೂಗನ್ನು ಅದರ ಹತ್ತಿರ ತಂದಳು. ಓತಿ ಸಂದಿಯೊಳಗೆ ಮಾಯ. ರಾಗಿ ಆ ಸಂದಿಗೆ ಮೂಗು ತೂರಿಸಿ, ಕಲ್ಲಿನ ಮೇಲೆ ಪಂಜ ಹಾಕಿ ಕೆರೆಯತೊಡಗಿದಾಗ ನಾವು ಕರೆದೆವು. ಚೆಂಡು ಎಸೆಯಬಹುದು, ಓಡಬಹುದು, ಹಾರಬಹುದು. ಯಾರೋ ಹೊತ್ತು ಜೋಡಿಸಿದ ಕಲ್ಲನ್ನು ಕದಲಿಸಬಾರದು. ಈ ಜಾಗ ಇಷ್ಟು ವರ್ಷ ಉಳಿದಿರುವುದು ಬಂದವರು ಕದಲಿದ ಕಲ್ಲನ್ನು ಎತ್ತಿ ಮತ್ತೆ ಸಾಲಿಗಿಟ್ಟು ಹೋಗುವುದರಿಂದ. ರಾಗಿ ಸರಿಸಿದ ಎರಡು ಕಲ್ಲುಗಳನ್ನು ನನ್ನ ಅಕ್ಕನ ಮಗಳು ಅವುಗಳ ಗುಳಿಗೇ ಕೂರಿಸಿದಳು.

ಆಮೇಲೆ ಅವಳಿಗೆ ಈ ಆಕೃತಿಯನ್ನು ಬರೆಯುವುದು ಹೇಗೆ ಎಂಬ ಕುತೂಹಲ. ರಂಗೋಲಿ ಹಾಕಿ ಬೆಳೆದ ಕೈಗೆ ಇದು ಬಹಳ ಸುಲಭ. ಸುತ್ತುಗಳ ಹೊರಗೆ ಬೇರೆ ಮಣ್ಣಿನಲ್ಲಿ ಕಡ್ಡಿ ಹಿಡಿದು ತೋರಿಸಿದೆ. ನಡುವೆ ಒಂದು ಕೂಡುಚಿಹ್ನೆ. ಅದರ ನಾಲ್ಕು ಮೂಲೆಗೆ ನಾಲ್ಕು ಲಂಬಕೋನ, ಅವುಗಳ ಒಳಮೊನೆ ಕೂಡುಚಿಹ್ನೆಯ ನಡುವಿಗೆ ಮುಖ ಮಾಡಿರಬೇಕು. ಹೊರಗಿನ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ. ಈಗ ಕೂಡುಚಿಹ್ನೆಯ ಮೇಲಿನ ತುದಿಯಿಂದ ಬಲಪಕ್ಕದ ಕೋನದ ಮೇಲ್ತುದಿಗೆ ಒಂದು ಸಣ್ಣ ಕಮಾನು. ಎಡಪಕ್ಕದ ಕೋನದ ಮೇಲ್ತುದಿಯಿಂದ ಬಲದ ಚುಕ್ಕಿಗೆ ಅದನ್ನು ಬಳಸಿಕೊಂಡು ಇನ್ನೊಂದು ಕಮಾನು. ಹೀಗೆ ಎಡಕ್ಕೊಂದು ತುದಿ, ಬಲಕ್ಕೊಂದು ತುದಿ ಹಿಡಿಯುತ್ತ ಹೋದರೆ ಎಂಟು ಕಮಾನಿಗೆ ತುದಿಗಳೆಲ್ಲ ಮುಗಿಯುತ್ತವೆ, ಏಳು ಸುತ್ತಿನ ಹಾದಿ ಸಿದ್ಧ. ಹಾದಿ ಎರಡಡಿ ಅಗಲ ಬೇಕೆಂದರೆ ಸುಮಾರು 30 ಅಡಿ ಅಗಲದ ಅಂಗಳ ಬೇಕು.

ನಾಲ್ಕನೆಯ ಕಮಾನಿನವರೆಗೆ ಬಂದಿದ್ದೆವು. ರಾಗಿ ಬಂದು ಚಿತ್ರದ ನಟ್ಟನಡುವೆ ಕೂತು, ನನ್ನ ಕೈಯ ಕಡ್ಡಿಯ ಇನ್ನೊಂದು ತುದಿ ಕಚ್ಚಿದಳು. ನಾನು ಎಳೆದೆ, ಅವಳು ಎಳೆದಳು. ಕಡ್ಡಿ ಅವಳದಾಯಿತು. ಅದನ್ನು ಕಚ್ಚಿಕೊಂಡು ಅವಳು ಹೊರಟದ್ದು ಮತ್ತೆ ಲ್ಯಾಬಿರಿಂತಿನ ಬಾಯಿಗೇ. ಅಲ್ಲಿ ನಿಂತು ಹಿಂದಿರುಗಿ ನೋಡಿದಳು, ಬರುತ್ತೀರಾ ಇಲ್ಲವಾ ಎಂದು. ಅಕ್ಕನ ಮಗಳು "ತಾರೇ ಇಲ್ಲಿ" ಎನ್ನುತ್ತ ಓಡಿದಳು, ನಾನೂ ಹೊರಟೆ. ನಾವಿಬ್ಬರೂ ಹಾದಿಯಲ್ಲೇ ಹೋಗಬೇಕೆಂದು ಮಾತಾಡಿಕೊಂಡೆವು. ರಾಗಿ ಕಡ್ಡಿ ಹಿಡಿದು ಸಾಲಿನಿಂದ ಸಾಲಿಗೆ ಹಾರುತ್ತಿದ್ದಳು. ನಾವು ಮೂರನೆಯ ಸುತ್ತಿನಲ್ಲಿ ಹತ್ತಿರವಾದೆವು, ಒಂದನೆಯದರಲ್ಲಿ ದೂರವಾದೆವು, ಏಳನೆಯದರಲ್ಲಿ ಅವಳ ಬಾಲ ಕೈಗೆ ಸಿಕ್ಕೇಬಿಟ್ಟಿತೆನ್ನುವಷ್ಟರಲ್ಲಿ ಹಾದಿ ನಮ್ಮನ್ನು ಆಚೆಗೆ ತಿರುಗಿಸಿತು. ಅವಳಿಗೆ ಆ ಹಾದಿಯ ಮೇಲೆ ಎಂಥ ಪ್ರೀತಿ ಹುಟ್ಟಿತೆಂದರೆ, ನಾವು ದೂರ ಹೋದಷ್ಟೂ ನಡುವಿನಲ್ಲಿ ನಿಂತು ಕುಣಿಯುತ್ತಿದ್ದಳು.

ಇಂಥ ಜಾಗಕ್ಕೆ ನಾಯಿ ಕರೆದುಕೊಂಡು ಹೋಗುವವರಿಗೆ ಒಂದೆರಡು ಮಾತು. ಒಳಗೆ ಯಾರಾದರೂ ಕಣ್ಣು ತುಂಬಿಕೊಂಡು ನಡೆಯುತ್ತಿದ್ದರೆ ಹಗ್ಗ ಹಾಕಿ ಹೊರಗೆ ಕಾಯಬೇಕು. ಎಲ್ಲರೂ ಆ ಹಿರಿಯರ ಹಾಗೆ ನಗುವ ಸ್ಥಿತಿಯಲ್ಲಿ ಇರುವುದಿಲ್ಲ. ಹೇಲು ಎತ್ತಲು ಚೀಲ ಬೇಕು, ಕುಡಿಯಲು ನೀರು ಬೇಕು. ಬೇಸಿಗೆಯಲ್ಲಿ ಈ ಗುಡ್ಡದಲ್ಲಿ ರಾಟಲ್‌ಸ್ನೇಕ್ ಹಾವು ಬಿಸಿಲಿಗೆ ಬರುತ್ತದೆ. ಫಾಕ್ಸ್‌ಟೇಲ್ ಎಂಬ ಹುಲ್ಲಿನ ಒಣತೆನೆ ನಾಯಿಯ ಕಿವಿ, ಮೂಗು, ಕಾಲ್ಬೆರಳ ಸಂದಿಗೆ ಹೊಕ್ಕರೆ ಹಿಂದಕ್ಕೆ ಬರದೆ ಒಳಗೊಳಗೇ ಸಾಗುತ್ತದೆ, ಕೊನೆಗೆ ಡಾಕ್ಟರೇ ತೆಗೆಯಬೇಕು. ಪಾಯ್ಸನ್ ಓಕ್ ಗಿಡದ ಎಣ್ಣೆ ನಾಯಿಯ ತುಪ್ಪಳಕ್ಕೆ ಹತ್ತಿ, ಮುದ್ದಾಡಿದವರ ಮೈಯಲ್ಲಿ ಗುಳ್ಳೆ ಏಳಿಸುತ್ತದೆ.

ಮಳೆಗಾಲ, ವಸಂತದಲ್ಲಿ ಉಣುಗಿನ ಕಾಟ. ಮಲೆನಾಡಿನವರಿಗೆ ಉಣುಗೆಂದರೆ ಏನೆಂದು ಹೇಳಬೇಕಾಗಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಈಗಲೂ ನಮ್ಮೂರುಗಳನ್ನು ಬಿಟ್ಟಿಲ್ಲ. ಇಲ್ಲಿನ ಉಣುಗು ಹರಡುವುದು ಬೇರೆ ಕಾಯಿಲೆ, ಲೈಮ್ ಎಂದು ಹೆಸರು. ಆದರೆ ಆ ಬೇಲಿ ಓತಿಯ ರಕ್ತ ಕುಡಿದ ಉಣುಗಿನ ಮರಿಗಳಲ್ಲಿ ಲೈಮ್ ರೋಗಾಣು ಸಾಯುತ್ತದೆ ಎಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದ್ದಾರೆ. ರಾಗಿ ಅಟ್ಟಿಸಿಕೊಂಡು ಹೋದ ಆ ಪುಟ್ಟ ಜೀವ ಅವಳಿಗೇ ಉಪಕಾರಿಯಾಗಿರಬಹುದು. ಅದು ತಪ್ಪಿಸಿಕೊಂಡದ್ದು ನನಗೆ ಸಂತೋಷ.

ಕಾರಿನ ಬಳಿ ಬಂದ ಮೇಲೆ ತಪಾಸಣೆ ಶುರುವಾಯಿತು. ಅಕ್ಕನ ಮಗಳು ನೆಲದ ಮೇಲೆ ಟವೆಲ್ ಹಾಸಿ, ಚಿಮಟ ಹಿಡಿದು ಕೂತಳು. ರಾಗಿ ಅಭ್ಯಾಸದಂತೆ ಮುಂಗಾಲು ಮುಂದೆ ಮಾಡಿದಳು. ಬೆರಳುಗಳ ನಡುವೆ ಜೇಡಿಮಣ್ಣು ಗಟ್ಟಿ ಕೂತಿತ್ತು. ನೀರು ಹಾಕಿ ಬಿಡಿಸಿದರೆ ಒಳಗೆ ಗುಲಾಬಿ ಬಣ್ಣದ ಚರ್ಮ. ಎಡಗಿವಿಯ ಹಿಂದೆ ಎಳ್ಳಿನ ಗಾತ್ರದ ಒಂದು ಉಣುಗು ಸಿಕ್ಕಿತು, ಇನ್ನೂ ಕಚ್ಚಿರಲಿಲ್ಲ. ಅದನ್ನು ಸ್ಪಿರಿಟ್ ಇದ್ದ ಸಣ್ಣ ಶೀಶೆಗೆ ಹಾಕಿದ್ದಾಯಿತು. ಎರಡನೆಯ ಕಾಲು ಮುಗಿಯುತ್ತಿರುವಾಗ ಪಕ್ಕದಲ್ಲಿ ಇನ್ನೊಂದು ಕಾರು ನಿಂತು, ಅದರಿಂದ ಕಪ್ಪುಬಿಳಿಯ ಬಾರ್ಡರ್ ಕೋಲಿ ನಾಯಿಯೊಂದು ಇಳಿಯಿತು. ರಾಗಿ ಟವೆಲಿನಿಂದ ಎದ್ದು, ಮುಂಗಾಲೆರಡನ್ನೂ ಚಾಚಿ, ಎದೆಯನ್ನು ನೆಲಕ್ಕಿಟ್ಟಳು. ಉಳಿದೆರಡು ಕಾಲುಗಳ ತಪಾಸಣೆ ಅಲ್ಲಿಗೇ ನಿಂತಿತು.